ರಾಮದುರ್ಗದಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ತಾಸಿನ ಹಾದಿ?

ಮೇ ತಿಂಗಳು ಸಮೀಪಿಸಿದರೆ ಸಾಕು, ನನಗೆ ಬರುವ ಪತ್ರ, ಫೋನು, ವಾಟ್ಸಾಪ್ ಸಂದೇಶಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಮಗಳ ಬಾಣಂತನಕ್ಕೆ ಹೊರಟ ತಾಯಿ, ಮಗನ ಹೊಸ ಮನೆಯ ಪ್ರವೇಶಕ್ಕೆ ಹೊರಟ ತಂದೆ, ಮೊಮ್ಮಗನ ಮುಖ ನೋಡಲೆಂದೇ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದ ಅಜ್ಜ-ಅಜ್ಜಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಇಂಥ ಮನೆಗಳು ಈಗ ಅಪರೂಪವಲ್ಲ. ಅವರೆಲ್ಲ ಕೇಳುವುದು: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ, ಎಷ್ಟು ತಾಸು? ಬೈಲಹೊಂಗಲದ ಹಿರಿಯರೊಬ್ಬರು ಈ ಪ್ರಶ್ನೆಯನ್ನು ನ್ಯಾಯ ಕೇಳುವ ಧಾಟಿಯಲ್ಲಿಯೇ ಕೇಳಿದರು. “ಸರ, ಮೊಬೈಲು ಹದಿನಾಲ್ಕ ಸಾವಿರ ಕಿಲೋಮೀಟರ್ ಅಂತೈತಿ. ಪೇಪರಿನ್ಯಾಗ ಹದಿನಾರ ಸಾವಿರ ಅಂತ ಬರದಿದ್ರು. ಹೋಗೂ ಮುಂದ ಒಂದ ವ್ಯಾಳೆ, ಬರೂ ಮುಂದ ಇನ್ನೊಂದ ವ್ಯಾಳೆ. ಊರು ಜಾಗಾ ಬಿಟ್ಟ ಸರದಾಡತಾವೇನ್ರೀ?”

ಊರು ಸರಿದಾಡುವುದಿಲ್ಲ. ಹಾದಿ ಸರಿದಾಡುತ್ತದೆ. ಮೊಬೈಲು ಹೇಳಿದ್ದೂ ನಿಜ, ಪೇಪರಿನವರು ಬರೆದದ್ದೂ ನಿಜ, ಟಿಕೆಟ್ಟಿನ ಮೇಲಿನ ಎರಡು ಬೇರೆ ಬೇರೆ ವೇಳೆಗಳೂ ನಿಜ. ಅದು ಹೇಗೆಂದು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯಲ್ಲಿಯೇ ಶುರುಮಾಡಬಹುದು.

ಬೆಳಗಾವಿಗೂ ಬೆಂಗಳೂರಿಗೂ ನಡುವೆ ಎಷ್ಟು ದೂರ? ಸಾಂಬ್ರಾ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹಕ್ಕಿ ಹಾರಿದಂತೆ ನೇರ ಅಳೆದರೆ ಸುಮಾರು 445 ಕಿಲೋಮೀಟರ್. ಹೆದ್ದಾರಿ ಹಿಡಿದು ಕಾರಿನಲ್ಲಿ ಹೋದರೆ ಐನೂರರ ಆಸುಪಾಸು. ರೈಲಿನಲ್ಲಿ ಕುಳಿತರೆ 611 ಕಿಲೋಮೀಟರ್. 2025ರ ಆಗಸ್ಟ್ 10ರಂದು ಶುರುವಾದ ವಂದೇ ಭಾರತ್ ಈ ದೂರವನ್ನು ಎಂಟೂವರೆ ತಾಸಿನಲ್ಲಿ ಕ್ರಮಿಸುತ್ತದೆ. ಎರಡೇ ಊರು, ಮೂರು ದೂರ. ರೈಲಿನ ದೂರ ಇಷ್ಟು ಉದ್ದವಾಗಲು ಒಂದು ಕಾರಣ ನಮ್ಮ ಪಕ್ಕದಲ್ಲಿಯೇ ಇದೆ. ಬೆಳಗಾವಿ ಬಿಟ್ಟ ರೈಲು ಧಾರವಾಡದ ಕಡೆ ನೇರ ಬರುವುದಿಲ್ಲ. ಖಾನಾಪುರ, ಲೋಂಡಾ, ಅಳ್ನಾವರ ಸುತ್ತಿಕೊಂಡು, ಕಾಡು ಹೊಕ್ಕು ಕಾಡು ಬಿಟ್ಟು ಬರುತ್ತದೆ. ಸುಮಾರು 121 ಕಿಲೋಮೀಟರ್. ಕಿತ್ತೂರಿನ ಮೇಲೆ ಹಾದು ಬರುವ ಹೊಸ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದೆ, ಅದರ ಉದ್ದ 73 ಕಿಲೋಮೀಟರ್. ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರು ಅದರ ಬೆನ್ನು ಹತ್ತಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಮಾರ್ಗ ಆದ ದಿನ ಬೆಳಗಾವಿ ಮತ್ತು ಧಾರವಾಡ ಒಂದಡಿಯೂ ಹತ್ತಿರ ಸರಿಯದೆ, ಒಂದಕ್ಕೊಂದು ಹತ್ತಿರವಾಗುತ್ತವೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡುವವರು ಮೈಲುಗಲ್ಲು ಎಣಿಸುತ್ತಿರಲಿಲ್ಲ, ವಸ್ತಿ ಎಣಿಸುತ್ತಿದ್ದರು. ಎರಡು ವಸ್ತಿಯ ಹಾದಿ, ಮೂರು ವಸ್ತಿಯ ಹಾದಿ. ಎತ್ತಿಗೆ ನೀರು ಎಲ್ಲಿ ಸಿಗುತ್ತದೆ, ಹೊಳೆ ಎಲ್ಲಿ ದಾಟಬಹುದು, ಏರು ಎಷ್ಟಿದೆ ಎಲ್ಲವೂ ಆ ಲೆಕ್ಕದೊಳಗೆ ಕೂತಿರುತ್ತಿತ್ತು. ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದೂ ಹೆಚ್ಚುಕಡಿಮೆ ಅದೇ. ವಿಮಾನದ ಹಾದಿಯನ್ನೂ ವಸ್ತಿಯ ಲೆಕ್ಕದಲ್ಲಿಯೇ ನೋಡಬೇಕು. ಕಿಲೋಮೀಟರ್ ಕೇಳಿದರೆ ಉಪಯೋಗವಿಲ್ಲ, ತಾಸು ಕೇಳಬೇಕು. ಅದೂ ಮನೆಯ ಹೊಸ್ತಿಲಿನಿಂದ.

ಆದರೂ ಕಿಲೋಮೀಟರ್ ಕೇಳಿದ್ದಾರೆ, ಉತ್ತರ ಕೊಡಲೇಬೇಕು. ಶಾಲೆಯ ಗೋಡೆಗೆ ತೂಗುಹಾಕಿದ ಜಗತ್ತಿನ ನಕಾಶೆಯ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಪಟ್ಟಿ ಇಟ್ಟು ಗೆರೆ ಎಳೆದರೆ ಅದು ಪೂರ್ವಕ್ಕೆ ಹೊರಟು, ಆಗ್ನೇಯ ಏಷ್ಯಾ ದಾಟಿ, ಪೆಸಿಫಿಕ್ ಸಾಗರವನ್ನು ಉದ್ದಕ್ಕೂ ಸೀಳಿಕೊಂಡು ಹೋಗುತ್ತದೆ. ನೋಡಲು ನೆಟ್ಟಗಿದೆ. ಲೆಕ್ಕ ಹಾಕಿದರೆ ಆ ನೆಟ್ಟನೆಯ ಗೆರೆಯ ಉದ್ದ 16,100 ಕಿಲೋಮೀಟರಿನಷ್ಟು. ಇನ್ನು ಶಾಲೆಯ ಗ್ಲೋಬ್ ತೆಗೆದುಕೊಳ್ಳಿ. ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್‌ನ ಕಡೆ ಹೊರಳಿಯೂ ನೋಡುವುದಿಲ್ಲ. ಉತ್ತರಕ್ಕೆ ಏರಿ, ನೇಪಾಳ, ಟಿಬೆಟ್, ಮಂಗೋಲಿಯ ದಾಟಿ, ಸೈಬೀರಿಯಾದ ತುದಿಯಲ್ಲಿ ಆರ್ಕ್‌ಟಿಕ್ ಸಾಗರದ ಅಂಚು ಮುಟ್ಟಿ, ಅಲಾಸ್ಕದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಆ ದಾರಿಯ ಅತಿ ಎತ್ತರದ ಬಿಂದು 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಉದ್ದ ಮಾತ್ರ 14,000 ಕಿಲೋಮೀಟರ್. ನೆಟ್ಟಗೆ ಕಂಡ ಗೆರೆಗಿಂತ ಡೊಂಕಾಗಿ ಕಂಡದ್ದು ಎರಡು ಸಾವಿರ ಕಿಲೋಮೀಟರ್ ಗಿಡ್ಡ!

ತಪ್ಪು ನಕಾಶೆಯದೇ. ಉರುಟು ಭೂಮಿಯನ್ನು ಚಪ್ಪಟೆ ಹಾಳೆಯ ಮೇಲೆ ಹಾಸಲು ಹೋದರೆ ಎಲ್ಲೋ ಒಂದು ಕಡೆ ಎಳೆಯಬೇಕಾಗುತ್ತದೆ. 1569ರಲ್ಲಿ ಮರ್ಕೇಟರ್ ಎಂಬಾತ ಮಾಡಿದ ನಕಾಶೆ ಹಡಗಿನವರಿಗೆ ದಿಕ್ಕು ತಪ್ಪದಂತೆ ನೋಡಿಕೊಂಡಿತು, ಅದಕ್ಕೆ ಬೆಲೆಯಾಗಿ ಧ್ರುವದ ಕಡೆಯ ನಾಡುಗಳನ್ನು ಬೇಕಾಬಿಟ್ಟಿ ಉಬ್ಬಿಸಿತು. ನಮ್ಮ ಶಾಲೆಗಳ ಗೋಡೆಗಳ ಮೇಲೆ ಈಗಲೂ ಅದರ ಬಳಗದ್ದೇ ನಕಾಶೆಗಳು. ವಿಮಾನದ ಸೀಟಿನ ಮುಂದಿನ ಪರದೆಯಲ್ಲಿ ಹಾದಿ ಬಿಲ್ಲಿನಂತೆ ಬಾಗಿ ಕಂಡಾಗ ‘ಪೈಲಟ್ ಸುತ್ತು ಹೊಡೆದು ಹೊಂಟಾನ’ ಎಂದು ಗಾಬರಿಯಾಗುವವರಿಗೆ ಇಷ್ಟು ಹೇಳಬಲ್ಲೆ, ಸುತ್ತು ಹೊಡೆದಿದ್ದು ನಕಾಶೆ.

ಹಾಗಾದರೆ ಪೇಪರಿನವರು ಬರೆದ 16,000 ಎಲ್ಲಿಂದ ಬಂತು? ಅದಕ್ಕೊಂದು ಕತೆಯಿದೆ. 2021ರ ಜನವರಿ 9ರ ಶನಿವಾರ ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ಒಂದು ಬೆಂಗಳೂರಿಗೆ ಹೊರಟಿತು. ಎರಡು ಊರಿನ ನಡುವೆ ಅದೇ ಮೊದಲ ನೇರ ಹಾರಾಟ. ಕಾಕ್‌ಪಿಟ್‌ನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್ವಾಲ್, ಅವರೊಂದಿಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಣೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲಿನ ಹಾದಿ ಹಿಡಿದು, ಸುಮಾರು ಹದಿನೇಳು ತಾಸು ಹಾರಿ, ಸೋಮವಾರ ನಸುಕಿನಲ್ಲಿ ದೇವನಹಳ್ಳಿಯಲ್ಲಿ ಇಳಿದರು. ಕಂಪನಿ ಕೊಟ್ಟ ಲೆಕ್ಕದಲ್ಲಿ ಎರಡು ನಿಲ್ದಾಣಗಳ ನಡುವಿನ ನೇರ ಆಕಾಶದೂರ 13,993 ಕಿಲೋಮೀಟರ್. ವಿಮಾನ ನಿಜಕ್ಕೂ ಹಾರಿದ್ದು ಸುಮಾರು 16,000. ಮೊಬೈಲು ಮೊದಲನೆಯದನ್ನು ಹೇಳಿತು, ಪೇಪರು ಎರಡನೆಯದನ್ನು.

ದಾರದ ಹಾದಿ ಗೊತ್ತಿದ್ದೂ ವಿಮಾನ ಆ ಹಾದಿ ಹಿಡಿಯದಿರಲು ಮೊದಲ ಕಾರಣ ಹಿಮಾಲಯ ಮತ್ತು ಅದರಾಚೆಯ ಟಿಬೆಟ್ ಪ್ರಸ್ಥಭೂಮಿ. ವಿಮಾನ ಹಾರುವುದೇ ಹತ್ತು-ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಎವರೆಸ್ಟ್ ಇರುವುದು ಒಂಬತ್ತರೊಳಗೆ, ಮತ್ತೇನು ತೊಂದರೆ ಎಂದು ಕೇಳಬಹುದು. ಎಲ್ಲ ಸರಿಯಿದ್ದರೆ ತೊಂದರೆಯಿಲ್ಲ. ವಿಮಾನದ ಹಾದಿ ಹಾಕುವವರು ಮಾತ್ರ ಎಲ್ಲ ಕೆಟ್ಟಾಗ ಏನು ಎಂಬುದನ್ನು ಮೊದಲು ಯೋಚಿಸುತ್ತಾರೆ. ಒಳಗಿನ ಗಾಳಿಯ ಒತ್ತಡ ಕಳೆದುಹೋದರೆ ತಲೆಯ ಮೇಲಿಂದ ಆಮ್ಲಜನಕದ ಮುಖವಾಡ ಇಳಿಯುತ್ತದೆಯಲ್ಲ, ಪ್ರಯಾಣಿಕರಿಗೆ ಅದು ಸಾಮಾನ್ಯವಾಗಿ ಸಾಲುವುದು ಹದಿನೈದು ನಿಮಿಷದ ಆಸುಪಾಸು. ಅಷ್ಟರೊಳಗೆ ಪೈಲಟ್ ವಿಮಾನವನ್ನು ಮನುಷ್ಯ ಉಸಿರಾಡಬಲ್ಲ ಎತ್ತರಕ್ಕೆ, ಅಂದರೆ ಹತ್ತು ಸಾವಿರ ಅಡಿಗೆ, ಸುಮಾರು ಮೂರು ಕಿಲೋಮೀಟರಿಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿ? ಹತ್ತಿರದಲ್ಲಿ ಇಳಿದಾಣಗಳೂ ವಿರಳ. ಹಾಗಾಗಿ ಹೆಚ್ಚಿನ ವಿಮಾನಗಳು ಆ ನಾಡನ್ನು ಬಳಸಿಕೊಂಡು ಹೋಗುತ್ತವೆ. ನವಿಲುತೀರ್ಥದ ಹಿನ್ನೀರು ಬಂದ ಮೇಲೆ ಸವದತ್ತಿ ತಾಲ್ಲೂಕಿನ ಎಷ್ಟೋ ಹಳ್ಳಿಗಳವರು ಎದುರಿನ ದಂಡೆಗೆ ಸುತ್ತಿ ಹೋಗುವುದನ್ನು ಕಲಿತಿದ್ದಾರೆ. ಕಣ್ಣಿಗೆ ಕಾಣುವ ಊರಿಗೂ ಬಸ್ಸು ಹತ್ತಬೇಕು.

ಎರಡನೆಯ ಕಾರಣ ಮನುಷ್ಯರದು. ಆಕಾಶಕ್ಕೂ ಗಡಿಯಿದೆ, ಉತಾರ ಇದೆ, ಮಾಲೀಕರಿದ್ದಾರೆ. ಹೆಚ್ಚಿನ ದೇಶಗಳು ತಮ್ಮ ತಲೆಯ ಮೇಲೆ ಹಾರುವ ವಿಮಾನದಿಂದ ಅದರ ತೂಕ, ಹಾದ ದೂರ ನೋಡಿ ಹಣ ವಸೂಲು ಮಾಡುತ್ತವೆ, ಸಿಟ್ಟು ಬಂದರೆ ಬಾಗಿಲನ್ನೇ ಹಾಕುತ್ತವೆ. ಬಾಲಾಕೋಟ್ ಘಟನೆಯ ನಂತರ 2019ರ ಫೆಬ್ರುವರಿ ಕೊನೆಯಿಂದ ಜುಲೈ ನಡುವಿನವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 24ರಂದು ಮತ್ತೆ ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಅಮೆರಿಕಕ್ಕೆ ಹೊರಟ ಏರ್ ಇಂಡಿಯಾ ವಿಮಾನಗಳು ಸುತ್ತಿ ಹೋಗುವ ಹಾದಿಗೆ ಇಂಧನ ಸಾಲದೆ ವಿಯೆನ್ನಾದಲ್ಲೋ ಕೋಪನ್‌ಹೇಗನ್‌ನಲ್ಲೋ ಇಳಿದು ತುಂಬಿಸಿಕೊಳ್ಳುವ ಹಾಗಾಯಿತು. ಉಕ್ರೇನ್ ಯುದ್ಧ ಶುರುವಾಗುತ್ತಲೇ, 2022ರ ಫೆಬ್ರುವರಿ 28ರಂದು, ರಷ್ಯಾ 36 ದೇಶಗಳ ವಿಮಾನಗಳಿಗೆ ತನ್ನ ಆಕಾಶ ಬಂದ್ ಮಾಡಿತು. ಆ ಪಟ್ಟಿಯಲ್ಲಿ ಭಾರತವಿಲ್ಲ, ಆದರೆ ಬೆನ್ನಿಗೇ ಅಮೆರಿಕದ ವಿಮಾನಗಳಿಗೂ ಆ ಆಕಾಶ ಮುಚ್ಚಿತು. ಬೆಂಗಳೂರಿಗೆ ಆದ ಪರಿಣಾಮ ಇದು: ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2020ರಲ್ಲಿಯೇ ಘೋಷಿಸಿದ್ದ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ, ಅಮೆರಿಕನ್ ಏರ್‌ಲೈನ್ಸ್‌ನ ಸಿಯಾಟಲ್–ಬೆಂಗಳೂರು ವಿಮಾನ ಎರಡೂ ಕಾಗದದ ಮೇಲೆಯೇ ಉಳಿದವು. ಕೀವ್‌ನಲ್ಲಿ ಬಿದ್ದ ಬಾಂಬಿಗೂ ಕಿತ್ತೂರಿನ ಅಜ್ಜಿ ವಿಮಾನದಲ್ಲಿ ಎಷ್ಟು ತಾಸು ಮೊಣಕಾಲು ಮಡಚಿ ಕೂಡಬೇಕು ಎಂಬುದಕ್ಕೂ ಸಂಬಂಧವಿದೆ ಎಂದರೆ ನಂಬುವುದು ಕಷ್ಟ, ಆದರೆ ಇದೆ.

ಮೂರನೆಯದು ಗಾಳಿ. ನನಗೆ ಬಹಳ ಇಷ್ಟವಾದ ಭಾಗ ಇದು. ಆಷಾಢದಲ್ಲಿ ಸವದತ್ತಿಯಿಂದ ಧಾರವಾಡದ ಕಡೆ ಸೈಕಲ್ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗುವಾಗ ಪಡುವಣ ಗಾಳಿ ಎದೆಗೆ ಕೈಯಿಟ್ಟು ಹಿಂದೆ ದೂಡುತ್ತದೆ, ಬರುವಾಗ ಪೆಡಲ್ ತುಳಿಯದಿದ್ದರೂ ಸೈಕಲ್ ಓಡುತ್ತದೆ. ವಿಮಾನ ಹಾರುವ ಎತ್ತರದಲ್ಲಿ, ಭೂಮಿಯ ನಡು ಅಕ್ಷಾಂಶಗಳ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಜೆಟ್ ಸ್ಟ್ರೀಮ್ ಎನ್ನುತ್ತಾರೆ. ತಾಸಿಗೆ 150-200 ಕಿಲೋಮೀಟರ್ ವೇಗ ಮಾಮೂಲು, ಚಳಿಗಾಲದಲ್ಲಿ ಕೆಲವೊಮ್ಮೆ 300 ದಾಟುತ್ತದೆ. ವಿಮಾನದ ಸ್ವಂತ ವೇಗ 900 ಇದ್ದರೆ, ಗಾಳಿ ಬೆನ್ನಿಗಿದ್ದಾಗ ನೆಲದ ಲೆಕ್ಕದಲ್ಲಿ ಅದು ಸಾವಿರ ದಾಟುತ್ತದೆ, ಎದುರಿಗಿದ್ದಾಗ ಏಳುನೂರಕ್ಕೆ ಇಳಿಯುತ್ತದೆ.

ಈ ಗಾಳಿಯನ್ನು ಮೊದಲು ಕ್ರಮವಾಗಿ ಅಳೆದವನು ವಸಾಬುರೊ ಒಇಶಿ ಎಂಬ ಜಪಾನಿ ಹವಾಮಾನ ವಿಜ್ಞಾನಿ. 1920ರ ದಶಕದಲ್ಲಿ ತತೆನೊ ಎಂಬ ಊರಿನ ವೀಕ್ಷಣಾಲಯದಿಂದ ಬಲೂನುಗಳನ್ನು ಹಾರಿಬಿಟ್ಟು, ಅವು ಎತ್ತ ಓಡುತ್ತವೆ, ಎಷ್ಟು ವೇಗವಾಗಿ ಓಡುತ್ತವೆ ಎಂದು ಬರೆದಿಟ್ಟ. ಲೋಕವೆಲ್ಲ ಓದಲಿ ಎಂದು ತನ್ನ ವರದಿಯನ್ನು 1926ರಲ್ಲಿ ಎಸ್ಪೆರಾಂಟೊ ಭಾಷೆಯಲ್ಲಿ ಅಚ್ಚು ಹಾಕಿಸಿದ. ಜಗತ್ತಿಗೆಲ್ಲ ಒಂದೇ ಭಾಷೆ ಇರಲಿ ಎಂದು ಹುಟ್ಟಿಸಿದ ಆ ಭಾಷೆಯನ್ನು ಜಗತ್ತು ಕಲಿತಿರಲಿಲ್ಲ. ಹೊರಗೆ ಓದಿದವರೇ ಇಲ್ಲದಂತಾಯಿತು. 1944ರಲ್ಲಿ ಅಮೆರಿಕದ ಬಿ-29 ಬಾಂಬರುಗಳು ಜಪಾನಿನ ಮೇಲೆ ಹಾರಿದಾಗ ಈ ಗಾಳಿ ಅವರ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಉತ್ತರ ಮಾತ್ರ ಹದಿನೆಂಟು ವರ್ಷದ ಹಿಂದೆಯೇ ಅಚ್ಚಾಗಿ ಕುಳಿತಿತ್ತು.

ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,000 ಕಿಲೋಮೀಟರ್. ಹೋಗುವಾಗ ಹತ್ತೂವರೆಯಿಂದ ಹನ್ನೊಂದು ತಾಸು, ಬರುವಾಗ ಒಂಬತ್ತೂವರೆಯಿಂದ ಹತ್ತು. ಅದೇ ವಿಮಾನ, ಅದೇ ದೂರ, ಗಾಳಿ ಮಾತ್ರ ಬೇರೆ. (ಲಂಡನ್ ಎಂದ ಕೂಡಲೇ ಕಿತ್ತೂರಿನವರಿಗೆ ಇನ್ನೊಂದು ನೆನಪಾಗದೇ ಇರದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಸುದ್ದಿ ಗುಡ್‌ಹೋಪ್ ಭೂಶಿರ ಸುತ್ತುವ ಹಾಯಿಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳುಗಳೇ ಬೇಕಿದ್ದವು. ಅಷ್ಟರಲ್ಲಿ ಡಿಸೆಂಬರಿನ ಮೊದಲ ವಾರವೇ ಕೋಟೆ ಬಿದ್ದು, ರಾಣಿ ಚೆನ್ನಮ್ಮನನ್ನು ಸೆರೆ ಹಿಡಿದಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಯಜಮಾನರು ಸೋಲನ್ನು ಓದುವ ಹೊತ್ತಿಗೆ ಅವರ ಸೈನ್ಯ ಇಲ್ಲಿ ಗೆದ್ದು ಕೂತಿತ್ತು.)

ಬಹಳ ಜನ ಮಕ್ಕಳು, ಕೆಲವು ದೊಡ್ಡವರೂ, ಈ ತಾಸಿನ ವ್ಯತ್ಯಾಸಕ್ಕೆ ಭೂಮಿ ತಿರುಗುವುದೇ ಕಾರಣ ಎಂದುಕೊಂಡಿದ್ದಾರೆ. ವಿಮಾನ ಮೇಲೇರಿ ಸುಮ್ಮನೆ ನಿಂತರೆ ಅಮೆರಿಕ ತಾನಾಗಿಯೇ ಕೆಳಗೆ ಬರುವುದಿಲ್ಲವೇ ಎಂದು ರಾಮದುರ್ಗದ ಹೈಸ್ಕೂಲ್ ಹುಡುಗನೊಬ್ಬ ಬರೆದಿದ್ದ. ಒಳ್ಳೆಯ ಪ್ರಶ್ನೆ. ರಾಮದುರ್ಗದ ನೆಲ ತಾಸಿಗೆ ಸುಮಾರು 1,600 ಕಿಲೋಮೀಟರ್ ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ. ಆದರೆ ನೆಲದೊಂದಿಗೆ ಅದರ ಮೇಲಿನ ಗಾಳಿಯೂ, ಗಾಳಿಯಲ್ಲಿನ ವಿಮಾನವೂ ಅದೇ ವೇಗದಲ್ಲಿ ತಿರುಗುತ್ತಿವೆ. ಓಡುವ ಬಸ್ಸಿನೊಳಗೆ ನಿಂತಲ್ಲೇ ಜಿಗಿದು ನೋಡು, ಹಿಂದಿನ ಸೀಟಿಗೆ ಹೋಗಿ ಬೀಳುವುದಿಲ್ಲ ಎಂದು ಅವನಿಗೆ ಬರೆದೆ. ಕಂಡಕ್ಟರ್ ಇಲ್ಲದಾಗ ಜಿಗಿ ಎಂದೂ ಸೇರಿಸಿದೆ. ಭೂಮಿಯ ತಿರುಗುವಿಕೆ ಗಾಳಿಯ ಹೊಳೆಗೆ ದಿಕ್ಕು ಕೊಡುವುದು ನಿಜ, ವಿಮಾನದ ಮೇಲೆ ಅದರ ಪ್ರಭಾವ ಅಷ್ಟು ಸುತ್ತಿ ಬರುತ್ತದೆಯೇ ಹೊರತು ನೇರವಾಗಿ ಅಲ್ಲ.

ಗಡಿಯಾರದ ಗೊಂದಲ ಬೇರೆಯೇ. ಬೆಂಗಳೂರಿಗೂ ಕ್ಯಾಲಿಫೋರ್ನಿಯಾಕ್ಕೂ ಬೇಸಿಗೆಯಲ್ಲಿ ಹನ್ನೆರಡೂವರೆ ತಾಸು, ಚಳಿಗಾಲದಲ್ಲಿ ಹದಿಮೂರೂವರೆ ತಾಸು ವ್ಯತ್ಯಾಸ. ಅವರು ವರ್ಷಕ್ಕೆರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ನಾವು ಮಾಡುವುದಿಲ್ಲ. ಜೋಯಾ ಅಗರ್ವಾಲರ ವಿಮಾನ ಶನಿವಾರ ರಾತ್ರಿ ಎದ್ದು ಸೋಮವಾರ ನಸುಕಿನಲ್ಲಿ ಇಳಿಯಿತು, ಒಳಗಿದ್ದವರಿಗೆ ಭಾನುವಾರ ಎಂಬುದು ಆಕಾಶದಲ್ಲಿಯೇ ಕರಗಿಹೋಯಿತು. ಉಲ್ಟಾ ದಿಕ್ಕಿನಲ್ಲಿ, ಆ ನೇರ ವಿಮಾನ ಶುರುವಾದಾಗಿನ ವೇಳಾಪಟ್ಟಿಯ ಪ್ರಕಾರ, ಬೆಂಗಳೂರಿನಿಂದ ಮಧ್ಯಾಹ್ನ ಎರಡೂವರೆಗೆ ಹೊರಟವರು ಹದಿನಾರು ತಾಸು ಹಾರಿ, ಅದೇ ದಿನ ಸಂಜೆ ಐದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಿದ್ದರು. ಟಿಕೆಟ್ ನೋಡಿ ‘ಎರಡೂವರೆ ತಾಸಿನ್ಯಾಗ ಅಮೆರಿಕಾ’ ಎಂದು ನಕ್ಕವರನ್ನು ಕಂಡಿದ್ದೇನೆ. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಮುಟ್ಟುವ ವೇಳೆ ಮುಟ್ಟುವ ಊರಿನದು. ಒಂದರೊಳಗೊಂದು ಕಳೆದರೆ ಪ್ರಯಾಣದ ಅವಧಿ ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ವಿದೇಶದ ಬಹಳಷ್ಟು ವಿಮಾನಗಳು ಬೆಂಗಳೂರಿನಿಂದ ಮಧ್ಯರಾತ್ರಿ ಕಳೆದು ಬೆಳಗಾಗುವ ಮುಂಚೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 12ನೇ ತಾರೀಖು, 01:30 ಎಂದಿದ್ದರೆ ನೀವು ನಿಲ್ದಾಣದಲ್ಲಿ ಇರಬೇಕಾದದ್ದು 11ರ ರಾತ್ರಿ ಊಟದ ಹೊತ್ತಿಗೆ. ಸೂರ್ಯ ಹುಟ್ಟಿದ ಮೇಲೆಯೇ ದಿನ ಶುರು ಎಂಬ ಪಂಚಾಂಗದ ಲೆಕ್ಕದವರು 12ರ ರಾತ್ರಿ ಪೆಟ್ಟಿಗೆ ಕಟ್ಟಿಕೊಂಡು ಬಂದು ನಿಂತದ್ದೂ ಉಂಟು.

ಈಗ ಹೊಸ್ತಿಲಿನ ಲೆಕ್ಕಕ್ಕೆ ಬರೋಣ. ಅದೇ ಮಧ್ಯಾಹ್ನ ಎರಡೂವರೆಯ ನೇರ ವಿಮಾನ ಇದೆ ಎಂದಿಟ್ಟುಕೊಳ್ಳಿ. ಮೂರು ತಾಸು ಮುಂಚೆ ನಿಲ್ದಾಣದಲ್ಲಿ ಇರಬೇಕು. ರಾಮದುರ್ಗದ ಗಂಡಹೆಂಡತಿ ಹಿಂದಿನ ಸಂಜೆ ಏಳರ ಸುಮಾರಿಗೆ ಬಸ್ಸು ಹತ್ತುತ್ತಾರೆ. ರಾತ್ರಿಯಿಡೀ ಐನೂರು ಕಿಲೋಮೀಟರಿನಷ್ಟು ಹಾದಿ. ಬೆಳಗ್ಗೆ ಬೆಂಗಳೂರು, ಯಾರದೋ ಮನೆಯಲ್ಲಿ ಸ್ನಾನ, ಉಪ್ಪಿಟ್ಟು, ಅಲ್ಲಿಂದ ದೇವನಹಳ್ಳಿಯವರೆಗೆ ಆ ಊರಿನ ಟ್ರಾಫಿಕ್. ಸಾಲು, ತಪಾಸಣೆ, ಇಮಿಗ್ರೇಶನ್. ವಿಮಾನ ನೆಲ ಬಿಡುವ ಹೊತ್ತಿಗೆ ಮನೆಯಿಂದ ಹೊರಟು ಹತ್ತೊಂಬತ್ತೂವರೆ ತಾಸು ಆಗಿರುತ್ತದೆ. ಮೇಲೆ ಹದಿನಾರು ತಾಸು. ಆಚೆ ಇಳಿದ ಮೇಲೆ ಮತ್ತೆ ಸಾಲು, ಮತ್ತೆ ಕಾರು, ಮಗನ ಮನೆ ಫ್ರೀಮಾಂಟಿನಲ್ಲೋ ಸ್ಯಾನ್ ಹೋಸೆಯಲ್ಲೋ ಇದ್ದರೆ ಎರಡು ಮೂರು ತಾಸು. ಒಟ್ಟು ಮೂವತ್ತೆಂಟು ತಾಸು, ಆಕಾಶದಲ್ಲಿದ್ದದ್ದು ಅದರ ಅರ್ಧಕ್ಕಿಂತ ಕಡಿಮೆ. ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಹದಿನಾರು ತಾಸು, ಮೊದಲ ಐನೂರಕ್ಕೆ ಹತ್ತೊಂಬತ್ತೂವರೆ!

ಬೆಳಗಾವಿಯಿಂದ ವಿಮಾನ ಹಿಡಿದರೆ ತಾಸು ಉಳಿಯುವುದಿಲ್ಲವೇ? ಉಳಿಯುತ್ತದೆ, ವೇಳೆ ಹೊಂದಿದರೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ವಾಯುಪಡೆ 1942ರಲ್ಲಿ ಕಟ್ಟಿದ ಸಾಂಬ್ರಾ ನಿಲ್ದಾಣಕ್ಕೆ 2017ರ ಸೆಪ್ಟೆಂಬರ್‌ನಲ್ಲಿ ಹೊಸ ಟರ್ಮಿನಲ್ ಬಂತು, ಆಮೇಲೆ ಉಡಾನ್ ಯೋಜನೆ ಬಂತು. ಬೆಳಗಾವಿ–ಬಾಗಲಕೋಟ ರಸ್ತೆಯ ಮೇಲೆಯೇ ಇರುವುದರಿಂದ ಯರಗಟ್ಟಿ, ನೇಸರಗಿ ಕಡೆಯಿಂದ ಬರುವವರಿಗೆ ಬೆಳಗಾವಿ ಪಟ್ಟಣ ಹೊಕ್ಕುವ ಕಷ್ಟವೂ ಇಲ್ಲ. ಸವದತ್ತಿ, ರಾಮದುರ್ಗದ ಕೆಲವರಿಗೆ ಹುಬ್ಬಳ್ಳಿಯೂ ಅಷ್ಟೇ ಅನುಕೂಲ. ಆದರೆ ಒಂದು ಮಾತು ನೆನಪಿರಲಿ, ಊರಿನಿಂದ ಅಮೆರಿಕದವರೆಗಿನ ಟಿಕೆಟ್ ಒಂದೇ ಬುಕಿಂಗ್‌ನಲ್ಲಿ ಇದ್ದರೆ ಮೊದಲ ವಿಮಾನ ತಡವಾದಾಗ ಮುಂದಿನದಕ್ಕೆ ಕೂಡಿಸುವ ಹೊಣೆ ವಿಮಾನ ಕಂಪನಿಯದು. ಬೇರೆ ಬೇರೆ ತೆಗೆದಿದ್ದರೆ ನಿಮ್ಮದು. ನನ್ನ ಪರಿಚಯದ ಸವದತ್ತಿಯ ದಂಪತಿ ನಾಲ್ಕು ದುಡ್ಡು ಉಳಿಯಿತೆಂದು ಬೇರೆ ಬೇರೆ ತೆಗೆದು, ಮಂಜು ಕವಿದ ಮುಂಜಾನೆ ಮೊದಲ ವಿಮಾನ ತಡವಾಗಿ, ದೇವನಹಳ್ಳಿಗೆ ಬರುವಷ್ಟರಲ್ಲಿ ದೊಡ್ಡ ವಿಮಾನದ ಬಾಗಿಲು ಹಾಕಿತ್ತು. ಹೊಸ ಟಿಕೆಟ್ಟಿಗೆ ಕೊಟ್ಟ ಹಣವನ್ನು ಅವರು ಈಗಲೂ ಜೋಳದ ಚೀಲದ ಲೆಕ್ಕದಲ್ಲಿ ಹೇಳುತ್ತಾರೆ.

ಹೀಗೆ ಲೆಕ್ಕ ಹಾಕಿದಾಗಲೆಲ್ಲ ನನಗೆ ಅನಿಸುವುದು ಇಷ್ಟೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕಕ್ಕೂ ಇವತ್ತಿಗೂ ರೈಲ್ವೆ ಸ್ಟೇಶನ್ ಇಲ್ಲ. ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ, ಎಲ್ಲರೂ ಡಾಂಬರಿನ ಮೇಲೆಯೇ. ಲೋಕಾಪುರದಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ರೈಲು ಬೇಕೆಂಬ ಬೇಡಿಕೆಗೆ ವಯಸ್ಸಾಗಿದೆ. ಬೋಯಿಂಗ್‌ನವರು ಎಷ್ಟೇ ಹೆಣಗಿದರೂ ನಮ್ಮ ಅಮೆರಿಕ ಪ್ರಯಾಣದಲ್ಲಿ ಅರ್ಧ ತಾಸು ಉಳಿಸಿಯಾರು. ಧಾರವಾಡ–ಕಿತ್ತೂರು–ಬೆಳಗಾವಿ ಹಳಿ, ರಾಮದುರ್ಗದ ಹಳಿ, ಹೊಂದುವ ವೇಳೆಗೆ ಒಂದು ವಿಮಾನ, ಇವಿಷ್ಟು ಆದರೆ ಉಳಿಯುವುದು ಏಳೆಂಟು ತಾಸು. ಕ್ಯಾಲಿಫೋರ್ನಿಯಾವನ್ನು ಹತ್ತಿರ ತರುವ ಕೆಲಸ ಕಿತ್ತೂರಿನಲ್ಲಿ ಬಾಕಿಯಿದೆ.

ಕೊನೆಗೆ, ನೇರ ವಿಮಾನ ಸಿಗದವರ ಪ್ರಶ್ನೆ: ಪೂರ್ವದ ಕಡೆಯಿಂದ ಹೋಗಬೇಕೋ, ಪಶ್ಚಿಮದ ಕಡೆಯಿಂದಲೋ? ನೇರ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಇದು ಎಲ್ಲರಿಗೂ ಬೇಕಾಗುವ ಪ್ರಶ್ನೆ. ಸ್ಯಾನ್ ಫ್ರಾನ್ಸಿಸ್ಕೋ ನಮಗೆ ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು, ಆದ್ದರಿಂದ ಎತ್ತ ಹೋದರೂ ಮುಟ್ಟಬಹುದು. ಆಕಾಶದೂರದ ಲೆಕ್ಕದಲ್ಲಿ ಟೋಕಿಯೊ ಮೇಲೆ ಹೋದರೆ ಸುಮಾರು 14,900 ಕಿಲೋಮೀಟರ್, ದುಬೈ ಮೇಲೆ 15,700, ಫ್ರಾಂಕ್‌ಫರ್ಟ್ ಮೇಲೆ 16,500. ಹೋಗುವಾಗ ಟೋಕಿಯೊದಿಂದ ಮುಂದಕ್ಕೆ ಗಾಳಿ ಬೆನ್ನಿಗಿರುತ್ತದೆ, ಒಂಬತ್ತೂವರೆ ತಾಸಿನಷ್ಟು. ಅದೇ ಹಾದಿಯಲ್ಲಿ ಮರಳಿದರೆ ಎದುರುಗಾಳಿ, ಹನ್ನೊಂದರ ಹತ್ತಿರ. ಬರುವಾಗ ಯುರೋಪಿನ ಮೇಲೆ ಬಂದರೆ ಮತ್ತೆ ಗಾಳಿ ಬೆನ್ನಿಗೆ. ಕಾಲುನೋವಿನವರಿಗೆ ಹದಿನಾರು ತಾಸು ಒಂದೇ ಕಡೆ ಕೂಡುವುದಕ್ಕಿಂತ ನಡುವೆ ಮೂರು ತಾಸು ಅಡ್ಡಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಒಂದೂವರೆ ತಾಸಿನ ಬಿಡುವು ಇರುವ ಟಿಕೆಟ್ ಮಾತ್ರ ತೆಗೆಯಬೇಡಿ, ಅದು ಓಡುವವರಿಗೆ.

ಬೈಲಹೊಂಗಲದ ಆ ಹಿರಿಯರು ಕಡೆಗೆ ಹಾಗೆಯೇ ಮಾಡಿದರು. ಹೋದದ್ದು ಟೋಕಿಯೊ ಮೇಲೆ, ಬಂದದ್ದು ಫ್ರಾಂಕ್‌ಫರ್ಟ್ ಮೇಲೆ. ತಿರುಗಿ ಬಂದ ಮೇಲೆ ಅವರಿಗೆ ಹೇಳಿದೆ, ಪೂರ್ವಕ್ಕೆ ಹೊರಟವರು ಪೂರ್ವಕ್ಕೇ ಹೋಗುತ್ತ ಮನೆಗೆ ಬಂದಿದ್ದೀರಿ, ಷಣ್ಮುಖನ ಹಾಗೆ ಪೂರಾ ಭೂಪ್ರದಕ್ಷಿಣೆ ಆಯಿತಲ್ಲ ಎಂದು. ಅವರು ಮನೆಯಾಕೆಯ ಕಡೆ ನೋಡಿದರು. “ಕೇಳಿದೇನ? ಭೂಮಿ ಸುತ್ತಿ ಬಂದೀವಂತ. ನೀ ನೋಡಿದರ ಬರೇ ಊಟದ ತಾಟ ಸುತ್ತಾ ಪ್ಲಾಸ್ಟಿಕ್ ಇತ್ತು ಅನ್ನೂದ ಒಂದ ಹೇಳ್ಕೋತ ಬಂದಿ.”